ಬೋರ್ಡ್‌ಗೆ ಹೋಗಲೋ ಬೇಡವೋ? ಅಂಗವೈಕಲ್ಯ ಪಿಂಚಣಿಯ ಮೇಲ್ಮನವಿ, ವಿಳಂಬ ಮತ್ತು ಮೆಡಿಕಲ್

ಪ್ರಶ್ನೆ: ನಮಸ್ಕಾರ ಸರ್. ನಾನು ಹಾಸನ ಜಿಲ್ಲೆಯವನು. 1997ರ ಜನವರಿಯಲ್ಲಿ ಸೇನೆಗೆ ಸೇರಿ, 24 ವರ್ಷ ಮುಗಿಸಿ, 2021ರ ಜನವರಿಯಲ್ಲಿ ಹವಾಲ್ದಾರ್ ಆಗಿ ಡಿಸ್ಚಾರ್ಜ್ ಆದೆ. ರಿಲೀಸ್ ಮೆಡಿಕಲ್ ಬೋರ್ಡ್‌ನಲ್ಲಿ (ಬಿಡುಗಡೆಯ ಹೊತ್ತಿನಲ್ಲಿ ಸೇನಾ ವೈದ್ಯರ ಮಂಡಳಿ ಮಾಡುವ ಪರೀಕ್ಷೆ) ಬಿಪಿಗೆ 30%, ಸೊಂಟದ ಡಿಸ್ಕ್ ತೊಂದರೆಗೆ 20%, ಎರಡೂ ಸೇರಿ 40% ಎಂದು ಜೀವನಪರ್ಯಂತಕ್ಕೆ ಬರೆದರು. ಆದರೆ ಎರಡಕ್ಕೂ ಸೇವೆಗೂ ಸಂಬಂಧವಿಲ್ಲ, ಬಿಪಿ ಶುರುವಾಗಿದ್ದು ಪೀಸ್ ಸ್ಟೇಷನ್‌ನಲ್ಲಿ (ಕಾರ್ಯಾಚರಣೆಯಿಲ್ಲದ ಶಾಂತ ನೆಲೆ) ಅಂತ ಹೇಳಿ ಪಿಂಚಣಿ ಕೊಡಲಿಲ್ಲ. 2021ರ ಅಕ್ಟೋಬರ್‌ನಲ್ಲಿ ಮೊದಲ ಮೇಲ್ಮನವಿ ಹಾಕಿದೆ. 2023ರ ಆಗಸ್ಟ್‌ನಲ್ಲಿ ಒಂದೇ ಸಾಲಿನಲ್ಲಿ ತಿರಸ್ಕಾರವಾಯಿತು. ಡಿಸೆಂಬರ್‌ನಲ್ಲಿ ಎರಡನೆಯದು ಹಾಕಿದೆ. ಎರಡು ವರ್ಷ ಏನೂ ಸುದ್ದಿಯಿಲ್ಲ. ಈಗ ಇದ್ದಕ್ಕಿದ್ದಂತೆ ಮತ್ತೆ ಮೆಡಿಕಲ್ ಬೋರ್ಡ್‌ಗೆ ಬನ್ನಿ ಅಂತ ಪತ್ರ ಬಂದಿದೆ. ಹೋದರೆ ಪರ್ಸೆಂಟೇಜ್ ಇಳಿಸ್ತಾರೆ, ಇರೋ ಪೆನ್ಷನ್‌ಗೂ ಕೈ ಹಾಕ್ತಾರೆ ಅಂತ ಊರಿನ ಇನ್ನೊಬ್ಬ ಮಾಜಿ ಸೈನಿಕರು ಹೆದರಿಸಿದ್ದಾರೆ. ಒಬ್ಬರು ಏಜೆಂಟರು ಬಾಕಿ ಹಣದಲ್ಲಿ ಕಾಲು ಭಾಗ ಕೊಟ್ಟರೆ ಎಲ್ಲಾ ನೋಡಿಕೊಳ್ತೀನಿ ಅಂತಿದ್ದಾರೆ. ಬೋರ್ಡ್‌ಗೆ ಹೋಗಲೋ ಬೇಡವೋ? ಇನ್ನೂ ಎಷ್ಟು ಕಾಯಬೇಕು? ಬೆಂಗಳೂರಿನ ಹೈಕೋರ್ಟಿಗೆ ನೇರವಾಗಿ ಹೋಗಬಹುದಾ?

ಉತ್ತರ: ಹವಾಲ್ದಾರರೇ, ಬೋರ್ಡ್‌ಗೆ ಹೋಗಿ. ಇದರಲ್ಲಿ ಎರಡು ಮಾತಿಲ್ಲ. ಹೋಗದಿದ್ದರೆ "ಕರೆದರೂ ಬರಲಿಲ್ಲ" ಎಂದು ಫೈಲಿನಲ್ಲಿ ಒಂದು ಸಾಲು ಬರೆದು ಮುಚ್ಚಿಡುವುದು ಬಹಳ ಸುಲಭ. ಆಮೇಲೆ ಟ್ರಿಬ್ಯೂನಲ್‌ಗೆ (ಸಶಸ್ತ್ರ ಪಡೆಗಳ ನ್ಯಾಯಮಂಡಳಿ) ಹೋದರೂ ಸರ್ಕಾರಿ ವಕೀಲರು ಮೊದಲು ತೋರಿಸುವುದು ಅದೇ ಸಾಲನ್ನು.

ಈಗ ನಿಮ್ಮ ಭಯದ ವಿಷಯ. ನೀವು 24 ವರ್ಷ ಸೇವೆ ಮಾಡಿದ್ದೀರಿ. ಈಗ ಬರುತ್ತಿರುವ ಸರ್ವಿಸ್ ಪೆನ್ಷನ್ ಆ ವರ್ಷಗಳಿಗೆ ಸಿಕ್ಕಿದ್ದು. ಈ ಬೋರ್ಡ್ ಅದನ್ನು ಮುಟ್ಟುವ ಹಾಗಿಲ್ಲ. ನೀವು ಕೇಳುತ್ತಿರುವುದು ಅದರ ಮೇಲೆ ಸೇರಬೇಕಾದ ಅಂಗವೈಕಲ್ಯದ ಭಾಗ ಮಾತ್ರ, ರೆಕಾರ್ಡ್ಸ್‌ನವರು (ಸೈನಿಕರ ದಾಖಲೆ ಇಡುವ ಸೇನಾ ಕಚೇರಿ) ಡಿಸಬಿಲಿಟಿ ಎಲಿಮೆಂಟ್ ಅನ್ನುವುದು. ಅದು ನಿಮಗೆ ಇವತ್ತು ಬರುತ್ತಲೇ ಇಲ್ಲ. ಬರದೇ ಇರುವುದನ್ನು ಕಿತ್ತುಕೊಳ್ಳುವುದು ಹೇಗೆ?

ಪರ್ಸೆಂಟೇಜ್ ಇಳಿಸುವ ಭಯವನ್ನು ಲೆಕ್ಕ ಹಾಕಿಯೇ ನೋಡೋಣ. 100% ಅಂಗವೈಕಲ್ಯಕ್ಕೆ ಕೊನೆಯ ವೇತನದ 30% ಕೊಡುತ್ತಾರೆ. ಕಡಿಮೆ ಪ್ರಮಾಣಕ್ಕೆ ಅದೇ ಅನುಪಾತದಲ್ಲಿ ಕಡಿಮೆ. ನಿಮ್ಮ ಕೊನೆಯ ವೇತನ, ಅಂದರೆ ಮೂಲವೇತನ ಮತ್ತು ಮಿಲಿಟರಿ ಸರ್ವಿಸ್ ಪೇ ಸೇರಿ, 45,000 ರೂಪಾಯಿ ಅಂತ ಇಟ್ಟುಕೊಳ್ಳಿ. 100% ಇದ್ದರೆ ತಿಂಗಳಿಗೆ 13,500. 40% ಇದ್ದರೆ 5,400. ಆದರೆ ಇದರ ಮೇಲೆ ಬ್ರಾಡ್ ಬ್ಯಾಂಡಿಂಗ್ ಅಂತ ಒಂದು ನಿಯಮ ಇದೆ. 50%ಗಿಂತ ಕಡಿಮೆ ಇದ್ದರೆ ಅದನ್ನು 50% ಎಂದೇ ಹಿಡಿಯಬೇಕು. 50ರಿಂದ 75ರವರೆಗೆ ಇದ್ದರೆ 75%. ಅದಕ್ಕಿಂತ ಜಾಸ್ತಿ ಇದ್ದರೆ 100%. ಮೊದಲು ಇದನ್ನು ಕಾಯಿಲೆಯ ಕಾರಣಕ್ಕೆ ಅವಧಿಗೆ ಮುಂಚೆಯೇ ಮನೆಗೆ ಕಳಿಸಿದವರಿಗೆ ಮಾತ್ರ ಕೊಡುತ್ತಿದ್ದರು. 2014ರ ಡಿಸೆಂಬರ್‌ನಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅವಧಿ ಮುಗಿಸಿ ಬಂದವರಿಗೂ ಕೊಡಬೇಕು ಎಂದಿತು.

ಹಾಗಾಗಿ ನಿಮ್ಮ 40% ಕೈಗೆ ಬರುವಾಗ 50% ಆಗುತ್ತದೆ. ಮೇಲಿನ ಲೆಕ್ಕದಲ್ಲಿ ತಿಂಗಳಿಗೆ 6,750 ರೂಪಾಯಿ, ಅದರ ಮೇಲೆ ತುಟ್ಟಿ ಪರಿಹಾರ ಬೇರೆ. ಬಿಪಿ ಒಂದನ್ನೇ ಒಪ್ಪಿ ಡಿಸ್ಕನ್ನು ಬಿಟ್ಟರು ಅನ್ನಿ, 30% ಉಳಿಯುತ್ತದೆ. ಅದೂ 50% ಆಗುತ್ತದೆ. ಎಲ್ಲಾ ಸೇರಿ 20% ಅಂತ ಬರೆದರೂ ಅದೇ 6,750. ನೀವು ನಿಜವಾಗಿ ನೋಡಿಕೊಳ್ಳಬೇಕಾದ್ದು ಒಂದೇ ಗೆರೆ: 20%. ಅದಕ್ಕಿಂತ ಕೆಳಗೆ ಹೋದರೆ, ಅವಧಿ ಮುಗಿಸಿ ಬಂದವರಿಗೆ ಏನೂ ಇಲ್ಲ. ಅಷ್ಟು ಕೆಳಗೆ ಇಳಿಸುವುದು ಸುಲಭವೂ ಅಲ್ಲ. 2001ರ ಫೆಬ್ರವರಿ 7ರ ರಕ್ಷಣಾ ಸಚಿವಾಲಯದ ಪತ್ರದ ಪ್ರಕಾರ, ಬಿಡುಗಡೆಯ ಹೊತ್ತಿನಲ್ಲಿ ಜೀವನಪರ್ಯಂತಕ್ಕೆ ಎಂದು ಬರೆದ ಪ್ರಮಾಣವೇ ಅಂತಿಮ. ಸೈನಿಕ ತಾನಾಗಿ ಮರುಪರಿಶೀಲನೆ ಕೇಳಿದರೆ ಮಾತ್ರ ಬೇರೆ ಮಾತು.

ಅದಕ್ಕೇ ಇವತ್ತು ರಾತ್ರಿಯೇ ನಿಮ್ಮ ಎರಡನೇ ಮೇಲ್ಮನವಿಯ ಪ್ರತಿ ತೆಗೆದು ಓದಿ. ಅದರಲ್ಲಿ ಏನು ಕೇಳಿದ್ದೀರಿ? "ನನ್ನ ಕಾಯಿಲೆ ಸೇವೆಯಿಂದ ಬಂದದ್ದು" ಅಂತ ಮಾತ್ರ ಇದ್ದರೆ, ಜಗಳ ಇರುವುದು ಕಾರಣದ ಬಗ್ಗೆ. "ನನಗೆ ಕೊಟ್ಟ ಪರ್ಸೆಂಟೇಜ್ ಕಡಿಮೆಯಾಯಿತು" ಅಂತಲೂ ಬರೆದಿದ್ದರೆ, ಪ್ರಮಾಣವನ್ನು ಮತ್ತೆ ಅಳೆಯಲು ನೀವೇ ಕೇಳಿಕೊಂಡಂತೆ. ಬಹಳಷ್ಟು ಮೇಲ್ಮನವಿಗಳಲ್ಲಿ ಟೈಪಿಸ್ಟರು ಹಳೇ ನಮೂನೆ ನೋಡಿಕೊಂಡು ಎರಡನ್ನೂ ಸೇರಿಸಿಬಿಟ್ಟಿರುತ್ತಾರೆ. ಹಾಗಾಗಿದ್ದರೆ, "ನನ್ನ ತಕರಾರು ಕಾರಣದ ಬಗ್ಗೆ ಮಾತ್ರ, 40% ಜೀವನಪರ್ಯಂತದ ಪ್ರಮಾಣವನ್ನು ನಾನು ಒಪ್ಪಿದ್ದೇನೆ" ಎಂದು ಒಂದು ಪುಟದ ಪತ್ರ ಬರೆದು, ಬೋರ್ಡ್‌ಗೆ ಮುಂಚೆಯೇ ರೆಕಾರ್ಡ್ಸ್‌ಗೆ ಸ್ಪೀಡ್ ಪೋಸ್ಟ್ ಮಾಡಿ. ರಸೀದಿ ಇಟ್ಟುಕೊಳ್ಳಿ.

ಇಷ್ಟು ಹೇಳಿದ ಮೇಲೆ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ನಿಮ್ಮ ಕೇಸು ಆಸ್ಪತ್ರೆಯ ಮಂಚದ ಮೇಲೆ ಗೆಲ್ಲುವ ಕೇಸಲ್ಲ. ಈಗ ನಿಮ್ಮ ಬಿಪಿ ಎಷ್ಟಿದೆ, ಕಾಲು ಎಷ್ಟು ಎತ್ತರಕ್ಕೆ ಏಳುತ್ತದೆ ಎಂಬುದು ಪ್ರಮಾಣದ ಪ್ರಶ್ನೆ. ಅದು ನಿಮ್ಮ ಪರವಾಗಿ ಆಗಲೇ ತೀರ್ಮಾನವಾಗಿದೆ. ನಿಮ್ಮನ್ನು ಸೋಲಿಸಿರುವುದು ಇನ್ನೊಂದು ಪ್ರಶ್ನೆ: ಇದು ಸೇವೆಯಿಂದ ಬಂತಾ, ಅಥವಾ ಸೇವೆಯಲ್ಲಿ ಹೆಚ್ಚಾಯಿತಾ? ಅದಕ್ಕೆ ಉತ್ತರ ಇರುವುದು 1997ರಿಂದ 2021ರವರೆಗಿನ ಕಾಗದಗಳಲ್ಲಿ.

ಅವುಗಳಲ್ಲಿ ಮೊದಲನೆಯದು ನಿಮ್ಮ ರಿಲೀಸ್ ಮೆಡಿಕಲ್ ಬೋರ್ಡಿನ ಪೂರ್ತಿ ನಡವಳಿ. ಎಎಫ್‌ಎಂಎಸ್‌ಎಫ್-16 ಅನ್ನುವ ಫಾರ್ಮ್ ಅದು. ನಿಮ್ಮ ಹತ್ತಿರ ಕೊನೆಯ ಹಾಳೆ ಮಾತ್ರ ಇರಬಹುದು. ಸುಮಾರು ಜನರ ಹತ್ತಿರ ಅಷ್ಟೇ ಇರುತ್ತದೆ. ಮಾಹಿತಿ ಹಕ್ಕಿನಡಿ 10 ರೂಪಾಯಿ ಕಟ್ಟಿ ರೆಕಾರ್ಡ್ಸ್‌ನಿಂದ ಪೂರ್ತಿ ತರಿಸಿ. 30 ದಿನದೊಳಗೆ ಕೊಡಬೇಕು. ನಿಮ್ಮದೇ ಮೆಡಿಕಲ್ ಕಾಗದ, ಗೋಪ್ಯ ಅಂತ ಹೇಳಲು ಅವರಿಗೆ ಬರುವುದಿಲ್ಲ.

ಬಂದಮೇಲೆ ಹೀಗೆ ಓದಿ. ಮೊದಲ ಭಾಗದಲ್ಲಿ ನೀವು ಎಲ್ಲೆಲ್ಲಿ ಪೋಸ್ಟಿಂಗ್‌ನಲ್ಲಿದ್ದಿರಿ ಎಂಬ ಪಟ್ಟಿ ಇರುತ್ತದೆ. ಪ್ರತಿ ಜಾಗದ ಎದುರು ಪೀಸ್ ಅಥವಾ ಫೀಲ್ಡ್ (ಗಡಿ, ಕಾರ್ಯಾಚರಣೆಯ ಪ್ರದೇಶ) ಎಂದು ಗುರುತು. ಕಾಯಿಲೆ ಮೊದಲು ಪತ್ತೆಯಾದ ತಾರೀಖು ಇನ್ನೊಂದು ಕಡೆ. ಇವೆರಡನ್ನೂ ಪಕ್ಕಪಕ್ಕ ಇಡಿ. ಉದಾಹರಣೆಗೆ ಕಾಶ್ಮೀರದ ಕುಪ್ವಾರದಂಥ ಫೀಲ್ಡ್ ಕಡೆ ಎರಡು ವರ್ಷ ಇದ್ದು, ಅಲ್ಲಿಂದ ಜಲಂಧರ್‌ಗೆ ಬಂದ ನಾಲ್ಕೈದು ತಿಂಗಳಿಗೆ ಬಿಪಿ ಪತ್ತೆಯಾಗಿದ್ದರೆ, ಬೋರ್ಡ್ ಬರೆಯುವುದು "ಪೀಸ್ ಸ್ಟೇಷನ್‌ನಲ್ಲಿ ಶುರುವಾಯಿತು" ಅಂತ. ಆದರೆ ಬಿಪಿ ಅನ್ನುವುದು ಗುಂಡೇಟಿನ ಹಾಗೆ ಒಂದು ದಿನ ತಗಲುವುದಲ್ಲ. ಪತ್ತೆಯಾದ ದಿನ ಬೇರೆ, ಶುರುವಾದ ದಿನ ಬೇರೆ. ಫೀಲ್ಡ್‌ನಲ್ಲಿದ್ದಾಗ ಯಾರು ತಿಂಗಳಿಗೊಮ್ಮೆ ಬಿಪಿ ನೋಡುತ್ತಿದ್ದರು? ಪೀಸ್‌ಗೆ ಬಂದು ವಾರ್ಷಿಕ ಮೆಡಿಕಲ್ ಆದಾಗಲೇ ಅದು ಕಣ್ಣಿಗೆ ಬೀಳುವುದು. ಈ ಮಾತನ್ನು ನಿಮ್ಮ ಮೇಲ್ಮನವಿಯಲ್ಲಿ ತಾರೀಖುಗಳ ಸಮೇತ ಬರೆದಿದ್ದೀರಾ? ಬರೆದಿಲ್ಲದಿದ್ದರೆ ಈಗಲೂ ಪೂರಕ ಪತ್ರವಾಗಿ ಕಳಿಸಬಹುದು. ಸೇನೆಯ ವೈದ್ಯಾಧಿಕಾರಿಗಳಿಗಿರುವ ಮಾರ್ಗದರ್ಶಿಯೇ ಫೀಲ್ಡ್, ಎತ್ತರದ ಪ್ರದೇಶ, ಉಗ್ರರ ವಿರುದ್ಧದ ಕಾರ್ಯಾಚರಣೆಯ ಸೇವೆಯನ್ನು ಬಿಪಿ ವಿಷಯದಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅನ್ನುತ್ತದೆ.

ಅದೇ ಫಾರ್ಮ್‌ನಲ್ಲಿ ನಿಮ್ಮ ಸ್ವಂತ ಹೇಳಿಕೆಯೂ ಇದೆ. ಸೇನೆಗೆ ಸೇರುವ ಮುಂಚೆ ಈ ತೊಂದರೆ ಇತ್ತೇ? ಸೇವೆಯ ಯಾವ ಘಟನೆಯಿಂದ ಬಂತು ಅಥವಾ ಹೆಚ್ಚಾಯಿತು ಅನ್ನಿಸುತ್ತದೆ? ಗಾಯವಾಗಿದ್ದರೆ ಇಂಜುರಿ ರಿಪೋರ್ಟ್ ಆಗಿತ್ತೇ? ಬಿಡುಗಡೆಯ ಗಡಿಬಿಡಿಯಲ್ಲಿ ಕ್ಲರ್ಕ್ ಹೇಳಿದ ಹಾಗೆ "ಇಲ್ಲ, ಇಲ್ಲ" ಎಂದು ತುಂಬಿ ಸಹಿ ಹಾಕಿ ಬಂದವರು ಎಷ್ಟೋ ಜನ. ನೀವೇನು ಬರೆದಿದ್ದೀರಿ ನೋಡಿಕೊಳ್ಳಿ. ಈ ಸಲದ ಬೋರ್ಡ್‌ನಲ್ಲಿ ಅದಕ್ಕೆ ವಿರುದ್ಧವಾಗಿ ಏನಾದರೂ ಹೇಳಿದರೆ ಕೇಳೇ ಕೇಳುತ್ತಾರೆ.

ಡಿಸ್ಕ್ ವಿಷಯ ಸ್ವಲ್ಪ ಕಷ್ಟ. ಅದನ್ನು ಗಾಯ ಅಂತೀರೋ ಕಾಯಿಲೆ ಅಂತೀರೋ ಎಂಬುದರ ಮೇಲೆ ದಾರಿ ಬದಲಾಗುತ್ತದೆ. ಭಾರ ಇಳಿಸುವಾಗ ಜಾರಿಬಿದ್ದು ಶುರುವಾಗಿದ್ದರೆ ಐಎಎಫ್‌ವೈ-2006 ಎಂಬ ಇಂಜುರಿ ರಿಪೋರ್ಟ್ ಇರಬೇಕಿತ್ತು. ಇದ್ದರೆ ಅರ್ಧ ಗೆದ್ದ ಹಾಗೆ. ಇಲ್ಲದಿದ್ದರೆ ಆಗ ಆಸ್ಪತ್ರೆಗೆ ಸೇರಿದ ದಾಖಲೆ, ಎಂಆರ್‌ಐ, ಮೆಡಿಕಲ್ ಕೆಟಗರಿ (ಆರೋಗ್ಯದ ದರ್ಜೆ) ಇಳಿಸಿದ ಬೋರ್ಡಿನ ಕಾಗದ, ಕಮಾಂಡಿಂಗ್ ಆಫೀಸರ್ ನಿಮ್ಮ ಕೆಲಸದ ಬಗ್ಗೆ ಬರೆದ ಹೇಳಿಕೆ, ಇವುಗಳ ಮೇಲೆ ನಿಲ್ಲಬೇಕು. ಬೋರ್ಡ್‌ಗಳು ಇದನ್ನು ಸಾಮಾನ್ಯವಾಗಿ "ವಯಸ್ಸಿನ ಸವೆತ" ಎಂದು ತಳ್ಳಿಹಾಕುತ್ತವೆ. ನನ್ನನ್ನು ಕೇಳಿದರೆ, ಬಿಪಿಯನ್ನು ಮುಂದಿಟ್ಟು ಡಿಸ್ಕನ್ನು ಅದರ ಹಿಂದೆ ಇಡಿ. ಮೇಲೆ ಲೆಕ್ಕ ಹಾಕಿದ ಹಾಗೆ ಬಿಪಿ ಒಂದೇ ಗೆದ್ದರೂ ಕೈಗೆ ಬರುವ ಹಣ ಅಷ್ಟೇ.

ಕಾನೂನು ನಿಮ್ಮ ಕಡೆ ಎಷ್ಟಿದೆ? ಸಾಕಷ್ಟಿದೆ. 2013ರ ಜುಲೈ 2ರ ಧರಮ್‌ವೀರ್ ಸಿಂಗ್ ತೀರ್ಪು ಇಂಥ ಎಲ್ಲಾ ಕೇಸುಗಳ ತಾಯಿಬೇರು. ಸುಮಾರು ಒಂಬತ್ತು ವರ್ಷ ಸೇವೆ ಮಾಡಿದ ಸೈನಿಕನಿಗೆ ಮೂರ್ಛೆ ರೋಗ ಬಂತು. 20% ಎಂದು ಬರೆದು, ಸೇವೆಗೆ ಸಂಬಂಧವಿಲ್ಲ ಎಂದು ಮನೆಗೆ ಕಳಿಸಿದರು. ಸುಪ್ರೀಂ ಕೋರ್ಟ್ ಹೇಳಿದ್ದಿಷ್ಟು: ಭರ್ತಿಯ ಹೊತ್ತಿನ ಮೆಡಿಕಲ್‌ನಲ್ಲಿ ಆ ಕಾಯಿಲೆಯ ಗುರುತು ಇಲ್ಲದಿದ್ದರೆ, ಸೈನಿಕ ಆರೋಗ್ಯವಾಗಿಯೇ ಸೇರಿದ ಎಂದು ತಿಳಿಯಬೇಕು. ಆಮೇಲೆ ಬಂದ ಕಾಯಿಲೆ ಸೇವೆಯಿಂದಲ್ಲ ಅನ್ನುವುದಾದರೆ ಅದನ್ನು ತೋರಿಸಬೇಕಾದ್ದು ಸರ್ಕಾರ. ಸಂಶಯ ಉಳಿದರೆ ಅದರ ಲಾಭ ಸೈನಿಕನಿಗೆ. ಮತ್ತೆ, ಬೋರ್ಡ್ ಕಾರಣ ಬರೆಯಬೇಕು. 2015ರ ರಾಜ್‌ಬೀರ್ ಸಿಂಗ್ ತೀರ್ಪಿನಲ್ಲೂ ಇದನ್ನೇ ಗಟ್ಟಿ ಮಾಡಿದರು. 2025ರ ಏಪ್ರಿಲ್‌ನಲ್ಲಿ, ಸಿಯಾಚಿನ್‌ನಲ್ಲಿ ಇದ್ದು 1989ರಲ್ಲೇ ಮನೆಗೆ ಬಂದ ಬಿಜೇಂದರ್ ಸಿಂಗ್ ಅವರಿಗೂ ಸುಪ್ರೀಂ ಕೋರ್ಟ್ ಇದೇ ದಾರಿಯಲ್ಲಿ ಪಿಂಚಣಿ ಕೊಡಿಸಿತು.

ಎದುರು ಪಕ್ಷದವರೂ ಸುಮ್ನೆ ಕೂರುವುದಿಲ್ಲ. ಅವರು 2009ರ ದಾಮೋದರನ್ ತೀರ್ಪು ಹಿಡಿದು, ಮೆಡಿಕಲ್ ಬೋರ್ಡಿನ ಅಭಿಪ್ರಾಯಕ್ಕೇ ಮೊದಲ ಮನ್ನಣೆ ಅನ್ನುತ್ತಾರೆ. ಇನ್ನೊಂದು ವಾದ, ಧರಮ್‌ವೀರ್ ಸಿಂಗ್ ತೀರ್ಪು ಈ ಪಿಂಚಣಿಯ 1982ರ ನಿಯಮಗಳ ಮೇಲೆ ಬಂದದ್ದು, ನಿಮಗೆ ಹತ್ತುವುದು 2008ರ ನಿಯಮ ಅಂತ. ಈ ಎರಡನೆಯದಕ್ಕೆ ತಯಾರಾಗಿರಿ, ಯಾಕೆಂದರೆ 2021ರಲ್ಲಿ ಬಿಡುಗಡೆಯಾದ ನಿಮಗೆ 2008ರ ನಿಯಮವೇ. ಆದರೆ ಅದರಲ್ಲೂ, ಸಾಮಾನ್ಯವಾಗಿ ಸೈನಿಕನಿಂದ ಪುರಾವೆ ಕೇಳುವ ಹಾಗಿಲ್ಲ ಎಂದೇ ಇದೆ. ಬಿಡುಗಡೆಯಾಗಿ 15 ವರ್ಷ ಕಳೆದ ಮೇಲೆ ಕ್ಲೇಮ್ ಹಾಕಿದರೆ ಮಾತ್ರ ಹೊಣೆ ಅವನ ಮೇಲೆ. ನೀವು ಆ ಗೆರೆಯಿಂದ ಬಹಳ ಈಚೆ ಇದ್ದೀರಿ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ 2008ರ ನಿಯಮಗಳನ್ನೇ ಎದುರಿಗಿಟ್ಟುಕೊಂಡು, ಪೀಸ್ ಸ್ಟೇಷನ್ ಎಂಬ ಒಂದೇ ಕಾರಣ ಸಾಲದು, ಬೋರ್ಡ್ ಸರಿಯಾದ ಕಾರಣ ಕೊಡಬೇಕು ಎಂದಿದೆ. ನಿಮ್ಮ ಬೋರ್ಡ್ ಕಾರಣ ಎಂದು ಬರೆದಿರುವುದು ಪೀಸ್ ಸ್ಟೇಷನ್ ಎಂಬ ಆ ಒಂದು ಮಾತನ್ನು ಮಾತ್ರವೇ? ಹಾಗಿದ್ದರೆ ನಿಮ್ಮ ಕೇಸು ಗಟ್ಟಿ.

(ಇದನ್ನು ಓದುತ್ತಿರುವ ಬೇರೆಯವರಿಗೆ ಒಂದು ಮಾತು: 2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮ ಬಂದಿದೆ. ಆಮೇಲೆ ಬಿಡುಗಡೆಯಾದವರು ಈ ಉತ್ತರದ ನಿಯಮ, ಲೆಕ್ಕಗಳನ್ನು ಹಾಗೇ ತಮಗೆ ಅಂಟಿಸಿಕೊಳ್ಳಬೇಡಿ.)

ಈಗ ಬೋರ್ಡಿನ ದಿನ. ಕರೆದ ಪತ್ರ, ಡಿಸ್ಚಾರ್ಜ್ ಬುಕ್, ಪಿಪಿಓ (ಪಿಂಚಣಿ ಪಾವತಿ ಆದೇಶ), ಆಧಾರ್, ಇಸಿಎಚ್‌ಎಸ್ ಕಾರ್ಡ್ (ಮಾಜಿ ಸೈನಿಕರ ಆರೋಗ್ಯ ಯೋಜನೆಯದು), ಹಳೇ ಬೋರ್ಡಿನ ಪ್ರತಿ, ಎಂಆರ್‌ಐ ಫಿಲ್ಮ್, ಈಗ ನುಂಗುತ್ತಿರುವ ಮಾತ್ರೆಗಳ ಚೀಟಿ, ಇವೆಲ್ಲ ಒಂದೇ ಫೈಲಿನಲ್ಲಿರಲಿ. ಬಿಪಿ ಹಳೆಯದಾದ್ದರಿಂದ ಇಸಿಜಿ, ಎಕೋ, ಕಿಡ್ನಿಯ ಕ್ರಿಯಾಟಿನಿನ್, ಕಣ್ಣಿನ ಒಳಪರದೆಯ ಪರೀಕ್ಷೆ ಇತ್ತೀಚೆಗೆ ಮಾಡಿಸಿದ್ದರೆ ಅವೂ ಇರಲಿ. ಹೃದಯಕ್ಕೋ ಕಿಡ್ನಿಗೋ ಪೆಟ್ಟು ಬಿದ್ದಿದೆಯಾ ಎಂಬುದು ಪ್ರಮಾಣಕ್ಕಿಂತ ಮೊದಲು ನಿಮ್ಮ ಜೀವಕ್ಕೇ ಬೇಕಾದ ಮಾಹಿತಿ.

ಇದಕ್ಕೇ ಸೇರಿದ ಇನ್ನೊಂದು ವಿಷಯ. ಬೋರ್ಡ್‌ಗೆ ಎರಡು ದಿನ ಮುಂಚೆ ಮಾತ್ರೆ ಬಿಟ್ಟರೆ ಬಿಪಿ ಏರುತ್ತದೆ, ಪರ್ಸೆಂಟೇಜ್ ಜಾಸ್ತಿ ಸಿಗುತ್ತದೆ ಎಂಬ ಸಲಹೆ ನಮ್ಮ ಮಾಜಿ ಸೈನಿಕರ ನಡುವೆ ಓಡಾಡುತ್ತಿರುತ್ತದೆ. ದಯವಿಟ್ಟು ಆ ಕೆಲಸ ಮಾಡಬೇಡಿ. ಮಾತ್ರೆ ಥಟ್ಟನೆ ನಿಲ್ಲಿಸಿದರೆ ಸ್ಟ್ರೋಕ್ ಆಗುವ ಅಪಾಯ ನಿಜ. ಅದರಿಂದ ಲಾಭವೂ ಇಲ್ಲ. ಬೋರ್ಡ್ ನೋಡುವುದು ವರ್ಷಗಳ ದಾಖಲೆಯನ್ನು, ಆ ದಿನದ ಒಂದು ರೀಡಿಂಗನ್ನಲ್ಲ. ನಿಮ್ಮ ಜಗಳ ಪರ್ಸೆಂಟೇಜ್‌ದೂ ಅಲ್ಲ, ಅಲ್ವಾ?

ಬೆನ್ನಿನ ಪರೀಕ್ಷೆಯಲ್ಲಿ ನಿಮ್ಮನ್ನು ಅಂಗಾತ ಮಲಗಿಸಿ, ಮಂಡಿ ಮಡಿಸದೆ ಕಾಲು ಎತ್ತಿ, ಎಲ್ಲಿಗೆ ಬಂದಾಗ ನೋವು ಕಾಲಿಗೆ ಇಳಿಯುತ್ತದೆ ನೋಡುತ್ತಾರೆ. ಆಮೇಲೆ ಕೂರಿಸಿ, ಬೇರೇನೋ ಮಾತಾಡುತ್ತಾ, ಅದೇ ಕಾಲನ್ನು ನೇರ ಮಾಡಿಸುತ್ತಾರೆ. ಮಲಗಿದಾಗ 30 ಡಿಗ್ರಿಗೇ ಅಯ್ಯೋ ಎಂದವರು ಕೂತಾಗ ಆರಾಮಾಗಿ ಕಾಲು ಚಾಚಿದರೆ, ನಾಟಕ ಅಂತ ಅವರಿಗೆ ಗೊತ್ತಾಗಿಬಿಡುತ್ತದೆ. ಒಂದು ಕಡೆ ನಾಟಕ ಎಂದು ಬರೆದರೆ ಉಳಿದ ನಿಜಕ್ಕೂ ಬೆಲೆ ಹೋಗುತ್ತದೆ.

ಆದರೆ ನಾನು ನೋಡಿದ ಮಟ್ಟಿಗೆ ನಮ್ಮವರು ನಾಟಕ ಮಾಡಿ ಸೋಲುವುದು ಕಡಿಮೆ. ಸೋಲುವುದು ಇನ್ನೊಂದು ಅಭ್ಯಾಸದಿಂದ. 24 ವರ್ಷ ಯಾರು ಏನು ಕೇಳಿದರೂ "ಠೀಕ್ ಹೈ ಸಾಬ್" ಎಂದು ರೂಢಿಯಾಗಿರುತ್ತದೆ. ಎದುರಿಗೆ ಕರ್ನಲ್ ಕೂತು "ಹೇಗಿದೆ ಬೆನ್ನು?" ಅಂದ ಕೂಡಲೇ ಎದೆ ಸೆಟೆದು "ಠೀಕ್ ಹೈ" ಅಂದುಬಿಡುತ್ತಾರೆ. ಡಾಕ್ಟರು ಅದನ್ನೇ ಬರೆದುಕೊಳ್ಳುತ್ತಾರೆ. ಮನೆಗೆ ಬಂದು ಚಪ್ಪಲಿ ಹಾಕಿಕೊಳ್ಳಲು ಬಗ್ಗಲಾಗದೆ ಮಗನನ್ನು ಕರೆಯುತ್ತಾರೆ. ಆ ಚಪ್ಪಲಿಯ ವಿಷಯವನ್ನೇ ಬೋರ್ಡ್‌ನಲ್ಲಿ ಹೇಳಬೇಕಾದ್ದು. ಎಷ್ಟು ಹೊತ್ತು ಕೂರಬಲ್ಲಿರಿ? ಅರಸೀಕೆರೆಯಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಎಷ್ಟು ಸಲ ಎದ್ದು ನಿಲ್ಲಬೇಕಾಗುತ್ತದೆ? ಗದ್ದೆ ಕೆಲಸದಲ್ಲಿ ಯಾವುದನ್ನು ಬಿಟ್ಟಿದ್ದೀರಿ? ಹಿಂದಿನ ದಿನ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಕೆಟ್ಟ ದಿನ ಹೇಗಿರುತ್ತದೆ, ಸಾಮಾನ್ಯ ದಿನ ಹೇಗಿರುತ್ತದೆ, ಎರಡನ್ನೂ ಹೇಳಿ.

ಅಪ್ಪನಿಗೆ ಬಿಪಿ ಇತ್ತಾ ಅಂತ ಕೇಳಬಹುದು. ಇದ್ದರೆ ಇತ್ತು ಅನ್ನಿ. ಅಪ್ಪನಿಗೆ ಇತ್ತು ಅಂದಮಾತ್ರಕ್ಕೆ ನಿಮಗೆ ಸೇವೆಯಲ್ಲಿ ಹೆಚ್ಚಾಗಲಿಲ್ಲ ಅಂತ ಆಗುವುದಿಲ್ಲ. ಯಾವುದಕ್ಕೂ ಸಹಿ ಹಾಕುವ ಮುಂಚೆ ಓದಿ. ಇಂಗ್ಲಿಷ್ ತೊಡಕಾದರೆ ಓದಿ ಹೇಳಿ ಅಂತ ಕೇಳಿ. ಅದು ನಿಮ್ಮ ಹಕ್ಕು, ಸಂಕೋಚ ಬೇಡ. ಆ ತಾರೀಖಿಗೆ ಹೋಗಲು ನಿಜಕ್ಕೂ ಆಗದಿದ್ದರೆ, ಕಾರಣ ಮತ್ತು ಅದರ ಕಾಗದ ಜೊತೆಗಿಟ್ಟು ಬೇರೆ ದಿನ ಕೊಡಿ ಎಂದು ಮುಂಚೆಯೇ ಬರೆಯಿರಿ. ಫೋನಿನಲ್ಲಿ ಹೇಳಿ ಸುಮ್ಮನಾಗಬೇಡಿ.

ಇನ್ನು ವಿಳಂಬ. ನಿಮ್ಮ ಎರಡನೇ ಮೇಲ್ಮನವಿಗೆ ಎರಡು ವರ್ಷ ಆಯಿತು. ಸಶಸ್ತ್ರ ಪಡೆಗಳ ನ್ಯಾಯಮಂಡಳಿ, ಅಂದರೆ ಎಎಫ್‌ಟಿ, ಇದರ 2007ರ ಕಾಯ್ದೆ ಪ್ರಕಾರ ಮೇಲ್ಮನವಿ ಹಾಕಿ ಆರು ತಿಂಗಳಾದರೂ ತೀರ್ಮಾನ ಬರದಿದ್ದರೆ ನೀವು ಅಲ್ಲಿಗೆ ಹೋಗಬಹುದು. ಆ ಬಾಗಿಲು ನಿಮಗೆ 2024ರ ಜೂನ್‌ನಲ್ಲೇ ತೆರೆದಿತ್ತು. ಅಲ್ಲಿಗೆ ಹೋಗುವುದಕ್ಕೂ ಕಾಯ್ದೆಯಲ್ಲಿ ಗಡುವಿದೆ. ನಿಮ್ಮದು ಈಗ ಆ ಗಡುವನ್ನು ದಾಟಿದೆ. ಹೆದರಬೇಡಿ, ತಡ ಮನ್ನಿಸಿ ಎಂದು ಜೊತೆಗೆ ಒಂದು ಅರ್ಜಿ ಹಾಕಬೇಕು. ಪಿಂಚಣಿ ಪ್ರತಿ ತಿಂಗಳೂ ಸಿಗಬೇಕಾದ್ದು, ಸಿಗದ ಪ್ರತಿ ತಿಂಗಳೂ ಹೊಸದಾಗಿ ಅನ್ಯಾಯ ಆದಂತೆ ಎಂಬ ತತ್ವವನ್ನು 2008ರಲ್ಲಿ ತರ್ಸೇಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದೆ.

ಆದರೆ ಅದೇ ತೀರ್ಪಿನ ಇನ್ನೊಂದು ಮುಖ ನಿಮ್ಮ ಜೇಬಿಗೆ ಸಂಬಂಧಿಸಿದ್ದು. ತಡವಾಗಿ ಬಂದವರಿಗೆ ಬಾಕಿಯನ್ನು, ಅರ್ಜಿ ಹಾಕಿದ ದಿನದಿಂದ ಹಿಂದಕ್ಕೆ ಮೂರು ವರ್ಷಕ್ಕೆ ಮಾತ್ರ ಅದರಲ್ಲಿ ಸೀಮಿತ ಮಾಡಿದರು. ಸರ್ಕಾರಿ ವಕೀಲರು ಇದನ್ನು ಹಿಡಿದು ವಾದಿಸುವುದು ಖಂಡಿತ. ನೀವು 2021ರಲ್ಲೇ ಮೇಲ್ಮನವಿ ಹಾಕಿದ್ದೀರಿ, ತಡ ಮಾಡಿದ್ದು ಅವರು, ನೀವಲ್ಲ. ಅದು ನಿಮ್ಮ ವಾದ, ಒಳ್ಳೆಯ ವಾದವೇ. ಹಾಗಂತ ಆ ಜೂಜಿಗೆ ಯಾಕೆ ಕೂರಬೇಕು? ಕಾಯುವ ಒಂದೊಂದು ತಿಂಗಳಿಗೂ ಹಿಂದಿನ ಒಂದೊಂದು ತಿಂಗಳ ಬಾಕಿ ಕೈತಪ್ಪುವ ಸಾಧ್ಯತೆ ಇದೆ. ಬೋರ್ಡ್ ಮುಗಿಯಲಿ, ಅದರ ಜೊತೆಜೊತೆಗೇ ಎಎಫ್‌ಟಿ ಅರ್ಜಿಯ ಕೆಲಸವನ್ನೂ ಶುರು ಮಾಡಿ. ಬೋರ್ಡಿನ ಫಲಿತಾಂಶಕ್ಕೆ ಎರಡು ಮೂರು ತಿಂಗಳು ಕೊಡಬಹುದು. ಅದಕ್ಕಿಂತ ಜಾಸ್ತಿ ನಾನಾದರೆ ಕಾಯುತ್ತಿರಲಿಲ್ಲ.

ಈ ನಡುವೆ ಸರ್ಕಾರದ ಕುಂದುಕೊರತೆ ಪೋರ್ಟಲ್‌ಗಳಲ್ಲಿ, ಸ್ಪರ್ಶ್ ಎಂಬ ರಕ್ಷಣಾ ಪಿಂಚಣಿ ಪೋರ್ಟಲ್‌ನಲ್ಲಿ, ಪಿಂಚಣಿ ಅದಾಲತ್‌ನಲ್ಲಿ ದೂರು ಹಾಕಿ ಅಂತ ಹೇಳುವವರಿದ್ದಾರೆ. ಹಾಕಬಹುದು, ತಪ್ಪಿಲ್ಲ. ಪಿಪಿಓದಲ್ಲಿ ಹೆಸರು ತಪ್ಪಾಗಿದ್ದರೆ, ಹಣ ನಿಂತಿದ್ದರೆ ಅವು ಬಹಳ ಉಪಯೋಗ. ನಿಮ್ಮ ಕಾಯಿಲೆ ಸೇವೆಯಿಂದ ಬಂತೋ ಇಲ್ಲವೋ ಅಂತ ಅಲ್ಲಿ ಯಾರೂ ತೀರ್ಮಾನ ಮಾಡುವುದಿಲ್ಲ. ದೂರು ಕೊಟ್ಟಿದ್ದೇನೆ ಎಂಬ ಕಾರಣಕ್ಕೆ ಟ್ರಿಬ್ಯೂನಲ್ಲಿನ ಗಡುವು ನಿಲ್ಲುವುದೂ ಇಲ್ಲ. ಫೈಲ್ ಎಲ್ಲಿದೆ ತಿಳಿಯಲು ಮಾಹಿತಿ ಹಕ್ಕೇ ವಾಸಿ. ಅಲ್ಲೂ "ಯಾಕೆ ತಡವಾಯಿತು" ಅಂತ ಕೇಳಬೇಡಿ, ಅದಕ್ಕೆ ಅವರು ಉತ್ತರ ಕೊಡಬೇಕಾಗಿಲ್ಲ. ಮೇಲ್ಮನವಿ ಯಾವ ತಾರೀಖು ಯಾವ ಕಚೇರಿಗೆ ಹೋಯಿತು, ಈಗ ಯಾವ ಕಚೇರಿಯಲ್ಲಿದೆ, ಫೈಲ್ ಟಿಪ್ಪಣಿಗಳ ಪ್ರತಿ, ಮೊದಲ ಮೇಲ್ಮನವಿ ತಿರಸ್ಕರಿಸಿದಾಗ ಪಡೆದ ವೈದ್ಯಕೀಯ ಅಭಿಪ್ರಾಯದ ಪ್ರತಿ, ಹೀಗೆ ಕಾಗದಗಳನ್ನೇ ಕೇಳಿ.

ಬೆಂಗಳೂರಿನ ಹೈಕೋರ್ಟಿಗೆ ನೇರವಾಗಿ ಬೇಡ, ಅಲ್ಲಿ ಮೊದಲು ಎಎಫ್‌ಟಿಗೆ ಹೋಗಿ ಬನ್ನಿ ಅನ್ನುತ್ತಾರೆ. ಕರ್ನಾಟಕದವರಿಗೆ ಅದರ ಕೊಚ್ಚಿ ಪೀಠ. ಅಲ್ಲಿ ಸೋತರೆ ಹೈಕೋರ್ಟಿನಲ್ಲಿ ರಿಟ್ ಹಾಕುವ ದಾರಿ ಇದೆ ಎಂದು 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ.

ಏಜೆಂಟರಿಗೆ ಕಾಲು ಭಾಗ? ಒಂದು ರೂಪಾಯಿಯೂ ಬೇಡ. ಗೆದ್ದರೆ ಇಷ್ಟು ಪಾಲು ಎಂದು ಮಾತಾಡಿಕೊಳ್ಳುವುದು ವಕೀಲರಿಗೇ ಬಾರ್ ಕೌನ್ಸಿಲ್ ನಿಯಮದಲ್ಲಿ ನಿಷಿದ್ಧ. ವಕೀಲರೂ ಅಲ್ಲದ ಏಜೆಂಟರು ಟ್ರಿಬ್ಯೂನಲ್‌ನಲ್ಲಿ ನಿಮ್ಮ ಪರ ನಿಂತು ಮಾತಾಡುವ ಹಾಗೂ ಇಲ್ಲ. ಅವರು ಮಾಡುವುದು ನೀವೇ ಮಾಡಬಹುದಾದ ಪತ್ರವ್ಯವಹಾರ. ಸ್ಪರ್ಶ್‌ನ ಪಾಸ್‌ವರ್ಡ್, ಓಟಿಪಿ ಅವರ ಕೈಗೆ ಕೊಟ್ಟಿದ್ದರೆ ಇವತ್ತೇ ಬದಲಾಯಿಸಿ. ಹಾಸನದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಹೋಗಿ ಉಚಿತ ಕಾನೂನು ನೆರವಿನ ಬಗ್ಗೆ ವಿಚಾರಿಸಿ. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2025ರ ಜುಲೈ 26ರಂದು ವೀರ ಪರಿವಾರ ಸಹಾಯತಾ ಯೋಜನೆ ಶುರು ಮಾಡಿದೆ. ಸೈನಿಕ ಮಂಡಳಿಗಳಲ್ಲೇ ಕಾನೂನು ನೆರವು ಕೇಂದ್ರ ತೆರೆಯುವುದು ಅದರ ಉದ್ದೇಶ. ಹಾಸನದಲ್ಲಿ ಆಗದಿದ್ದರೆ ಜಿಲ್ಲಾ ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರದ ಕಚೇರಿಯಲ್ಲಿ ಕೇಳಿ.

ಬೋರ್ಡ್ ಮುಗಿಸಿ ಬಂದ ವಾರದಲ್ಲೇ ಅದರ ನಡವಳಿಯ ಪ್ರತಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಈ ಸಲ ಕಾರಣದ ಜಾಗದಲ್ಲಿ ಏನು ಬರೆದಿದ್ದಾರೆ ಎಂಬುದರ ಮೇಲೆ ಎಎಫ್‌ಟಿ ಅರ್ಜಿಯ ಮೊದಲ ಪುಟ ನಿಲ್ಲುತ್ತದೆ. ಪ್ರತಿ ಬಂದಮೇಲೆ ಆ ಭಾಗವನ್ನು ಮಾತ್ರ ನನಗೆ ಬರೆದು ಕಳಿಸಿ. ಹೆಸರು, ಆರ್ಮಿ ನಂಬರ್ ಅಳಿಸಿ ಕಳಿಸಿದರೆ ಸಾಕು.